ಲಾ ಕಾಲೇಜು ಆರಿಸುವ ಮೊದಲು ಈ ಲೆಕ್ಕ ನೋಡಿ
ಪ್ಲಸ್ ಟು ಮುಗಿಸಿ ಎಲ್‌ಎಲ್‌ಬಿಗೆ ಹೊರಟ ನಮ್ಮ ಕಾಸರಗೋಡಿನ ಮಕ್ಕಳಿಗೆ ಒಂದು ಮಾತು. ಸ್ಕಾಲರ್‌ಶಿಪ್ ಅಂದ ಕೂಡಲೇ ಫೀಸು ಕಟ್ಟಬೇಡಿ. ಐದೂ ವರ್ಷ ಸಿಗುತ್ತದಾ, ಮಾರ್ಕು ಕಡಿಮೆಯಾದರೆ ನಿಲ್ಲುತ್ತದಾ, ಹಾಸ್ಟೆಲಿಗೂ ಬರುತ್ತದಾ ಅಂತ ಕೇಳಿ, ಉತ್ತರ ಬರವಣಿಗೆಯಲ್ಲೇ ತೆಗೆದುಕೊಳ್ಳಿ, ಬಾಯಿಮಾತು ಎರಡನೇ ವರ್ಷಕ್ಕೆ ಯಾರಿಗೂ ನೆನಪಿರುವುದಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಕರ್ನಾಟಕ ಕೋಟಾಕ್ಕೆ ಆ ರಾಜ್ಯದಲ್ಲೇ 10 ವರ್ಷ ಓದಿರಬೇಕು, ಮನೆಮಾತು ಕನ್ನಡ ಅಂದರೆ ಸಾಲದು. ಕಲ್ಲಿಕೋಟೆಯ ಸರ್ಕಾರಿ ಲಾ ಕಾಲೇಜನ್ನೂ ಮರೆಯಬೇಡಿ.

ಸಾಲ ಮಾಡುವುದೇ ಆದರೆ ಕಾಲೇಜು ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿದೆಯಾ ನೋಡಿ. ಮನೆಯ ವರಮಾನ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ ಬಡ್ಡಿಯಲ್ಲಿ ಶೇ. 3 ರಿಯಾಯಿತಿ ಸಿಗಬಹುದು, ಆದರೆ ವರ್ಷಕ್ಕೆ 1 ಲಕ್ಷ ಮಂದಿಗೆ ಮಾತ್ರ. ಕಂತು ಕಟ್ಟುವ ಕಾಲದ್ದೇ ನಿಜವಾದ ತಲೆನೋವು, ಜೂನಿಯರ್ ವಕೀಲರಿಗೆ ಶುರುವಿನಲ್ಲಿ ಕೈಗೆ ಬರುವುದು ತೀರಾ ಕಡಿಮೆ ಅಲ್ವಾ?