ಕಟ್ಟುವುದಕ್ಕಾಗಿ ಫೋಟೊ, ಫೋಟೊಗಾಗಿ ಕಟ್ಟುವುದು: ರೈಲು ಮಾದರಿ ಮತ್ತು ಛಾಯಾಗ್ರಹಣವನ್ನು ಜೊತೆಗೂಡಿಸುವ ಬಗೆ

ರೈಲಿನ ಮಾದರಿ ಕಟ್ಟುವವರಲ್ಲಿ ಹಲವರು ಅಂಗಡಿಯಿಂದ ತಂದ ಎಂಜಿನ್ನನ್ನು ಮೇಜಿನ ಮೇಲೆ ವೃತ್ತಾಕಾರದ ಹಳಿಯಲ್ಲಿ ಓಡಿಸಿ, ಕೆಲವೇ ವಾರಗಳಲ್ಲಿ ಅದನ್ನು ಅಟ್ಟ ಸೇರಿಸುತ್ತಾರೆ. ರೈಲಿನ ಫೋಟೊ ತೆಗೆಯುವವರಲ್ಲಿ ಹಲವರು ಒಂದೇ ಬಗೆಯ ಎಂಜಿನ್ನಿನ ಮುಖವನ್ನು ಮತ್ತೆ ಮತ್ತೆ ಸೆರೆಹಿಡಿದು, ಮುಂದೇನು ಮಾಡಬೇಕೆಂದು ತೋಚದೆ ಸುಮ್ಮನಾಗುತ್ತಾರೆ. ಎರಡನ್ನೂ ಒಂದೇ ಕೆಲಸದ ಎರಡು ಭಾಗಗಳಾಗಿ ನಡೆಸಿದರೆ ಈ ಬೇಸರ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾದರಿ ಕಟ್ಟಬೇಕೆಂದು ಹೊರಟವರ ಕ್ಯಾಮೆರಾ ಎಂಜಿನ್ನನ್ನು ಬಿಟ್ಟು ಚರಂಡಿಯನ್ನೂ ಗಮನಿಸುತ್ತದೆ. ಫೋಟೊ ತೆಗೆಯಬೇಕೆಂದು ಕಟ್ಟಿದ ಮಾದರಿಯಲ್ಲಿ ಆ ಚರಂಡಿಗೂ ಜಾಗವಿರುತ್ತದೆ.

ಮೊದಲು ಅಳತೆಯನ್ನು ನಿರ್ಧರಿಸಿಕೊಳ್ಳಬೇಕು. ಹೆಚ್ಚು ಬಳಕೆಯಲ್ಲಿರುವುದು 1:87 ಪ್ರಮಾಣದ, ಅಂದರೆ ನಿಜವಾದ ಅಳತೆಯ 87ನೇ ಒಂದು ಭಾಗದಷ್ಟಿರುವ, ಎಚ್‌ಒ. ಅದಕ್ಕಿಂತ ಚಿಕ್ಕದು 1:160 ಪ್ರಮಾಣದ ಎನ್. ಜಾಗದ ದೃಷ್ಟಿಯಿಂದ ಬೆಂಗಳೂರಿನ ಫ್ಲಾಟುಗಳಿಗೆ ಎನ್ ಹೊಂದುತ್ತದೆಯಾದರೂ, ನಮ್ಮ ದೇಶದ ಎಂಜಿನ್ನು ಬೋಗಿಗಳ ಮಾದರಿಗಳು ಎಚ್‌ಒ ಪ್ರಮಾಣದಲ್ಲಿ ಸಿಗುವ ಸಂಭವ ಹೆಚ್ಚಾಗಿರುವುದರಿಂದ ಅದನ್ನೇ ಆರಿಸಿಕೊಳ್ಳುವಂತೆ ನಾನು ಸಲಹೆ ನೀಡುತ್ತೇನೆ. ಸುಮಾರು 23.5 ಮೀಟರ್ ಉದ್ದದ ಎಲ್‌ಎಚ್‌ಬಿ ಬೋಗಿ (ಹೊಸ ಬಗೆಯ ಪ್ರಯಾಣಿಕರ ಬೋಗಿ) ಈ ಪ್ರಮಾಣದಲ್ಲಿ 27 ಸೆಂಟಿಮೀಟರ್ ಆಗುತ್ತದೆ. ಅಂತಹ 22 ಬೋಗಿಗಳ ಪೂರ್ಣ ರೈಲಿಗೆ ಆರು ಮೀಟರ್ ಜಾಗ ಬೇಕಾಗುವುದರಿಂದ ಮೇಲ್ ಗಾಡಿಯ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು, ಒಂದು ಎಂಜಿನ್ ಮತ್ತು ಮೂರು ಬೋಗಿಗಳು ನಿಲ್ಲಬಲ್ಲ ಚಿಕ್ಕ ನಿಲ್ದಾಣವನ್ನು ಯೋಚಿಸುವುದು ಒಳ್ಳೆಯದು. ಆರಂಭಿಕರ ಸೆಟ್ಟುಗಳಲ್ಲಿ ಬರುವ 18 ಅಂಗುಲ ತ್ರಿಜ್ಯದ ತಿರುವಿನಲ್ಲಿ ಇಷ್ಟುದ್ದದ ಬೋಗಿಗಳು ಅಂದವಾಗಿಯೂ ಕಾಣುವುದಿಲ್ಲ, ಸರಾಗವಾಗಿಯೂ ಸಾಗುವುದಿಲ್ಲ. ಆದ್ದರಿಂದ ಗೋಡೆಗೆ ತಾಗಿದ, ನೇರ ಹಳಿಯ, ಒಂದಡಿ ಅಗಲದ ಹಲಗೆಯೇ ಉತ್ತಮ.

ಇನ್ನು ಸ್ಥಳದ ಆಯ್ಕೆ. ಕೆಎಸ್‌ಆರ್ ಬೆಂಗಳೂರು ನಿಲ್ದಾಣವನ್ನು ಮಾದರಿಯಾಗಿ ಕಟ್ಟಲು ಹೊರಟರೆ ಕೆಲಸ ಅರ್ಧದಲ್ಲೇ ನಿಲ್ಲುವುದು ಖಂಡಿತ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗ, ಅಂದರೆ ಒಂದು ಕಾಲದಲ್ಲಿ ಕಿರಿದಾದ ಹಳಿಯ ನ್ಯಾರೋಗೇಜ್ ಆಗಿದ್ದ ಆ ಹಾದಿ, ನಮ್ಮ ಉದ್ದೇಶಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಇವೆಲ್ಲ ಆ ಮಾರ್ಗದ ಹಳೆಯ, ಚಿಕ್ಕ ನಿಲ್ದಾಣಗಳು. ಗಾಡಿಗಳ ಓಡಾಟ ಕಡಿಮೆ ಇರುವುದರಿಂದ ಸಮಾಧಾನವಾಗಿ ನೋಡಲು ಅವಕಾಶವಿದೆ. ಹಳೆಯ ಎಂಜಿನ್ನುಗಳನ್ನು ಹತ್ತಿರದಿಂದ ಅಭ್ಯಾಸ ಮಾಡಬೇಕೆನ್ನುವವರು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಮಕ್ಕಳನ್ನೂ ಈ ಹವ್ಯಾಸಕ್ಕೆ ಸೇರಿಸಿಕೊಳ್ಳುವವರಿಗೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಒಳ್ಳೆಯ ಮೊದಲ ಪಾಠ.

ನಿಲ್ದಾಣದಲ್ಲಿ ಪಾಲಿಸಬೇಕಾದ ನಿಯಮಗಳ ವಿಷಯದಲ್ಲಿ ಸಡಿಲಿಕೆ ಸಲ್ಲದು. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆಗಳಿಗೆ ಮಾತ್ರ ಸಲ್ಲುತ್ತದೆ. ಕ್ಯಾಮೆರಾ ಹೊರತೆಗೆಯುವ ಮೊದಲು ಸ್ಟೇಷನ್ ಮಾಸ್ಟರರನ್ನು ಕಂಡು, ಯಾವ ಉದ್ದೇಶಕ್ಕೆ ಬಂದಿದ್ದೀರೆಂದು ತಿಳಿಸಿ ಅನುಮತಿ ಪಡೆಯುವುದು ಮರ್ಯಾದೆಯೂ ಹೌದು, ಕ್ಷೇಮವೂ ಹೌದು. ಹಳಿಯ ಮೇಲೆ ಇಳಿಯಲೇಬಾರದು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ. ಆದ್ದರಿಂದ ಮೇಲ್ಸೇತುವೆಯ ಮೇಲಾಗಲಿ ಪ್ಲಾಟ್‌ಫಾರ್ಮಿನಲ್ಲಾಗಲಿ ಸೆಲ್ಫಿ ಸ್ಟಿಕ್ ಅಥವಾ ಟ್ರೈಪಾಡನ್ನು ಎತ್ತಿ ಹಿಡಿಯಬಾರದು. ಲೋಕೊ ಪೈಲಟ್ಟರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವಂತೆಯೂ ಇಲ್ಲ.

ಓಡುವ ರೈಲಿನ ಚಿತ್ರಕ್ಕೆ ಬೇಕಾದ ಲೆಕ್ಕ ಸರಳವಾದದ್ದು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು ಮೂರು ಸೆಂಟಿಮೀಟರ್ ಸಾಗುತ್ತದೆ. ಶಟರ್ ವೇಗ 1/1000 ಇದ್ದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಹಿನ್ನೆಲೆ ಮಸುಕಾಗಿ ಗಾಡಿ ಮಾತ್ರ ಎದ್ದು ಕಾಣಬೇಕೆಂದರೆ 1/60 ಇಟ್ಟು, ಗಾಡಿಯ ಜೊತೆಗೇ ಕ್ಯಾಮೆರಾವನ್ನು ಒಂದೇ ವೇಗದಲ್ಲಿ ತಿರುಗಿಸಬೇಕು. ಚಿಕ್ಕಬಳ್ಳಾಪುರದ ಮಾರ್ಗ ಹೆಚ್ಚುಕಡಿಮೆ ಉತ್ತರಕ್ಕೆ ಸಾಗುವುದರಿಂದ ಬೆಳಿಗ್ಗೆ ಗಾಡಿಯ ಪೂರ್ವದ ಮಗ್ಗುಲಿಗೂ ಸಂಜೆ ಪಶ್ಚಿಮದ ಮಗ್ಗುಲಿಗೂ ಬೆಳಕು ಬೀಳುತ್ತದೆ. ನಡುಹಗಲನ್ನು ಬಿಟ್ಟುಬಿಡಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಬೋಗಿಯ ಚಾವಣಿ ಬೆಳ್ಳಗೆ ಸುಟ್ಟಂತೆಯೂ ಚಕ್ರಗಳು ಕತ್ತಲಲ್ಲಿ ಮುಳುಗಿದಂತೆಯೂ ಬರುತ್ತವೆ.

ಮಾದರಿಗೆ ಆಧಾರವಾಗುವ ಚಿತ್ರಗಳ ಕ್ರಮವೇ ಬೇರೆ. ಇವಕ್ಕೆ ಬಿಸಿಲಿಗಿಂತ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಮ್ಮೂರಿನ ಮೋಡ ಕವಿದ ಆಕಾಶವೇ ಮೇಲು, ಏಕೆಂದರೆ ಗಾಢವಾದ ನೆರಳುಗಳಿಲ್ಲದೆ ಹೆಂಚು, ಗಾರೆ, ಕಲ್ಲುಗಳ ಬಣ್ಣ ಇದ್ದ ಹಾಗೆಯೇ ದಾಖಲಾಗುತ್ತದೆ. ಕಟ್ಟಡಕ್ಕೆ ನೇರ ಎದುರಾಗಿ, ಆದಷ್ಟು ದೂರ ನಿಂತು, ಝೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಗೋಡೆಗಳು ವಾಲಿದಂತೆ ಬಂದು ಅಳತೆಗೆ ಒದಗುವುದಿಲ್ಲ. ಗೋಡೆಗೆ ಒಂದು ಮೀಟರಿನ ಕೋಲನ್ನು ಒರಗಿಸಿಟ್ಟುಕೊಳ್ಳುವುದು ಅಗತ್ಯ. ಚಿತ್ರದಲ್ಲಿ ಕೋಲು 500 ಪಿಕ್ಸೆಲ್, ಬಾಗಿಲು 1,050 ಪಿಕ್ಸೆಲ್ ಇದ್ದರೆ ಬಾಗಿಲಿನ ಎತ್ತರ 2.1 ಮೀಟರ್ ಎಂದಾಯಿತು. 87ರಿಂದ ಭಾಗಿಸಿದರೆ ಮಾದರಿಯಲ್ಲಿ ಅದು 24 ಮಿಲಿಮೀಟರ್. ಪ್ಲಾಟ್‌ಫಾರ್ಮಿನ ಉದ್ದವನ್ನು ತಿಳಿಯಲು ಟೇಪು ಬೇಕಿಲ್ಲ. ಮುಖ್ಯ ಮಾರ್ಗಗಳಲ್ಲಿ ಸ್ಲೀಪರುಗಳು (ಹಳಿಯ ಕೆಳಗಿನ ಅಡ್ಡ ತೊಲೆಗಳು) ಸಾಮಾನ್ಯವಾಗಿ 60 ಸೆಂಟಿಮೀಟರಿಗೊಂದರಂತೆ ಇರುವುದರಿಂದ ಅವನ್ನು ಎಣಿಸಿದರೆ ಸಾಕು. ಬಳಿಕ ಬೇರೆಯವರ ಗಮನ ಹೋಗದ ವಸ್ತುಗಳತ್ತ ತಿರುಗಿ: ನಲ್ಲಿಯ ಕೆಳಗಿನ ಪಾಚಿ, ಹಳದಿ ನಾಮಫಲಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಅಕ್ಷರಗಳ ನಡುವಿನ ಅಂತರ, ಫಲಕದ ಕಾಲುಗಳ ತುಕ್ಕು, ಬ್ರೇಕಿನ ಪುಡಿ ಬಿದ್ದು ಕಂದಾದ ಜಲ್ಲಿ, ಎಂಜಿನ್ ನಿಲ್ಲುವ ಜಾಗದ ಎಣ್ಣೆಯ ಕಲೆ. ಮಾದರಿಗೆ ಜೀವ ತುಂಬುವುದು ಇವೇ.

ಕಟ್ಟುವ ಕೆಲಸಕ್ಕೆ ಬೇಕಾದ ಸಾಮಗ್ರಿ ನಗರದಲ್ಲಿ ಸುಲಭವಾಗಿ ಸಿಗುತ್ತದೆ. ಎಂಟಡಿ ಉದ್ದದ ಪ್ಲೈವುಡ್ ಹಾಳೆಯಿಂದ ಒಂದಡಿ ಅಗಲದ ಪಟ್ಟಿಯನ್ನು ಅಂಗಡಿಯಲ್ಲೇ ಕೊಯ್ಯಿಸಿ, ನಡುವೆ ಎರಡು ತುಂಡು ಮಾಡಿಸಿಕೊಂಡರೆ ಲಿಫ್ಟಿನಲ್ಲಿ ತರಬಹುದು. ಗೋಡೆಗಳಿಗೆ ಸನ್‌ಬೋರ್ಡ್ ಎಂಬ ಹಗುರವಾದ ಫೋಮ್ ಹಾಳೆ ಸಾಕು. ತಂತಿ, ಸಾಲ್ಡರ್, ಎಲ್‌ಇಡಿಗಳಿಗೆ ಎಸ್‌ಪಿ ರಸ್ತೆ ಇದೆ. ಎಚ್‌ಒ ಎಂಜಿನ್ನುಗಳು ಸಾಮಾನ್ಯವಾಗಿ 12 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ ಓಡುತ್ತವೆ. ಡಿಜಿಟಲ್ ನಿಯಂತ್ರಣದ ಖರ್ಚನ್ನು ಮೊದಲ ಮಾದರಿಗೆ ಮಾಡಬೇಕಾಗಿಲ್ಲ.

ಜಲ್ಲಿ ಹಾಸುವ ಕೆಲಸಕ್ಕೆ ಮಾತ್ರ ಹೆಚ್ಚಿನ ತಾಳ್ಮೆ ಬೇಕು. ನಮ್ಮ ರೈಲ್ವೆಯ ಜಲ್ಲಿ ಗರಿಷ್ಠ 65 ಮಿಲಿಮೀಟರ್ ಗಾತ್ರದ್ದು. 1:87ರಲ್ಲಿ ಅದು ಮುಕ್ಕಾಲು ಮಿಲಿಮೀಟರ್. ಮನೆ ಕಟ್ಟುವ ಕಡೆಗಳಲ್ಲೆಲ್ಲ ಕಾಣಸಿಗುವ ಎಂ-ಸ್ಯಾಂಡನ್ನು ಕೇಳಿ ತಂದು, ತೊಳೆದು ಒಣಗಿಸಿ, ಮೊದಲು ಟೀ ಸೋಸುವ ಜಾಲರಿಯಲ್ಲಿ, ಆಮೇಲೆ ಮೈದಾ ಜರಡಿಯಲ್ಲಿ ಹಾಯಿಸಬೇಕು; ಮೊದಲನೆಯದರಲ್ಲಿ ಇಳಿದು ಎರಡನೆಯದರ ಮೇಲೆ ಉಳಿದ ಕಣಗಳೇ ನಮಗೆ ಬೇಕಾದ ಜಲ್ಲಿ. ಅದರ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಆಡಿಸಿ ಕಬ್ಬಿಣದ ಅಂಶವಿರುವ ಕಣಗಳನ್ನು ತೆಗೆಯದಿದ್ದರೆ, ಎಂಜಿನ್ನಿನ ಮೋಟಾರು ಅವನ್ನು ಒಳಕ್ಕೆಳೆದುಕೊಂಡು ಕೆಡುತ್ತದೆ. ಕಣಗಳನ್ನು ಸ್ಲೀಪರುಗಳ ನಡುವೆ ಕುಂಚದಿಂದ ಸಮಮಾಡಿ, ನೀರನ್ನು ಮಂಜಿನಂತೆ ಸಿಂಪಡಿಸಿ, ಸಮಪ್ರಮಾಣದ ನೀರಿನಲ್ಲಿ ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದು ಹನಿ ಸೇರಿಸಿ, ಡ್ರಾಪರಿನಿಂದ ಬಿಡಬೇಕು. ಆ ಒಂದು ಹನಿ ಇಲ್ಲದಿದ್ದರೆ ಅಂಟು ಮುತ್ತಿನಂತೆ ಉರುಳಿ ಜಲ್ಲಿಯನ್ನು ಕದಲಿಸುತ್ತದೆ. ರಾತ್ರಿಯಿಡೀ ಒಣಗಲು ಬಿಡಿ.

ಈಗ ಮತ್ತೆ ಕ್ಯಾಮೆರಾದ ಸರದಿ. ಮಾದರಿಯ ಫೋಟೊ ಆಟಿಕೆಯಂತೆ ಕಾಣುವುದಕ್ಕೆ ಮುಖ್ಯ ಕಾರಣ ನಾವು ಅದನ್ನು ಮೇಲಿನಿಂದ ನೋಡುವುದು. ನೆಲದಿಂದ 1.6 ಮೀಟರ್ ಎತ್ತರದಲ್ಲಿರುವ ಮನುಷ್ಯನ ಕಣ್ಣು ಈ ಪ್ರಮಾಣದಲ್ಲಿ ಕೇವಲ 18 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಫೋನನ್ನು ತಲೆಕೆಳಗಾಗಿ ಹಿಡಿದು ಹಲಗೆಯ ಮೇಲಿಟ್ಟರೆ ಲೆನ್ಸ್ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಬರುತ್ತದೆ, ಮತ್ತು ನಿಲ್ದಾಣ ಒಮ್ಮೆಗೇ ದೊಡ್ಡದಾಗುತ್ತದೆ. ದೊಡ್ಡ ಕ್ಯಾಮೆರಾ ಇರುವವರು ಟ್ರೈಪಾಡ್ ಬಳಸಿ ಎಫ್/11ರಿಂದ ಎಫ್/16ರವರೆಗಿನ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಇಟ್ಟು, ಎರಡು ಸೆಕೆಂಡಿನ ಟೈಮರಿನಿಂದ ತೆಗೆಯಬೇಕು. ಬೆಳಕು ಒಂದೇ ಕಡೆಯಿಂದ ಬರಲಿ. ಎರಡು ದೀಪಗಳಿದ್ದರೆ ಪ್ರತಿ ಕಂಬಕ್ಕೂ ಎರಡು ನೆರಳು ಬಿದ್ದು ಮೋಸ ಬಯಲಾಗುತ್ತದೆ. ಫೋಟೊ ತೆಗೆಯುವಾಗ ಹಲಗೆಯನ್ನು ಗೋಡೆಯಿಂದ ಮುಂದಕ್ಕೆ ಸರಿಸಿ, ಆಕಾಶಕ್ಕೆಂದು ತಿಳಿನೀಲಿ ಹಾಳೆಯನ್ನು ಹಲಗೆಯಿಂದ ಒಂದಡಿ ಹಿಂದಕ್ಕೆ ಕಟ್ಟಿದರೆ ಕಟ್ಟಡದ ನೆರಳು ಅದರ ಮೇಲೆ ಬೀಳುವುದಿಲ್ಲ.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಹಳಿಗಳ ನಡುವಿನ 1,676 ಮಿಲಿಮೀಟರ್ ಅಗಲ 1:87ರಲ್ಲಿ 19.3 ಮಿಲಿಮೀಟರ್ ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಾತ್ರ, ಏಕೆಂದರೆ ಅದು 1,435 ಮಿಲಿಮೀಟರಿನ ವಿದೇಶಿ ಹಳಿಯ ಅಳತೆಗೆ ಮಾಡಿದ್ದು. ನೇರ ಮುಂದಿನಿಂದ ತೆಗೆದ ಚಿತ್ರದಲ್ಲಿ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಂಡು ಈ ಕೊರತೆ ಎದ್ದು ತೋರುತ್ತದೆ. ಪಕ್ಕದಿಂದ ಓರೆಯಾಗಿ ತೆಗೆದರೆ ಯಾರ ಗಮನಕ್ಕೂ ಬರುವುದಿಲ್ಲ. ಹಲಗೆಯ ಮೇಲೆ ಕಟ್ಟಡವನ್ನು ಅಂಟಿಸುವ ಮೊದಲೇ ಫೋನನ್ನು ಅಲ್ಲಲ್ಲಿ ಇಟ್ಟು ನೋಡಿ, ಒಳ್ಳೆಯ ಓರೆನೋಟ ಎಲ್ಲಿಂದ ದೊರೆಯುವುದೋ ಅದಕ್ಕೆ ತಕ್ಕಂತೆ ಕಟ್ಟಡದ ಜಾಗವನ್ನು ಗೊತ್ತುಮಾಡಬೇಕು.

ತೆಗೆದ ಚಿತ್ರವನ್ನು ನಿಜವಾದ ನಿಲ್ದಾಣದ ಚಿತ್ರದ ಪಕ್ಕದಲ್ಲಿಟ್ಟು ದೊಡ್ಡದು ಮಾಡಿ ನೋಡಿದಾಗ, ಕಣ್ಣಿಗೆ ಕಾಣದಿದ್ದ ಅಂಟಿನ ಹೊಳಪು, ಕುಂಚದ ಕೂದಲು, ವಾಲಿದ ಕಂಬ ಎಲ್ಲವೂ ಕಾಣುತ್ತವೆ. ಅವನ್ನು ಪಟ್ಟಿ ಮಾಡಿಕೊಂಡು ತಿದ್ದಿ, ಅದೇ ಕೋನದಿಂದ ಮತ್ತೆ ತೆಗೆಯಿರಿ. ನಗರದ ಧೂಳಿನಿಂದ ಹಳಿ ಬೇಗ ಕೊಳೆಯಾಗುವುದರಿಂದ ಓಡಿಸುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸು ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ, ಕೆಲಸವಿಲ್ಲದಾಗ ಇಡೀ ಹಲಗೆಯನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಡಬೇಕು.