ಫೋನಿಗೆ ಕೇಳಿಸುತ್ತಿಲ್ಲವೋ, ಕೇಳಿಸಿಯೂ ತಿಳಿಯುತ್ತಿಲ್ಲವೋ?

ಮಾತು ಕೇಳಿ ಕೆಲಸ ಮಾಡುವ ಗೂಗಲ್ ಅಸಿಸ್ಟೆಂಟ್ ಕರೆಯಲು ‘ಓಕೆ ಗೂಗಲ್’ ಅಂದರೂ ಫೋನ್ ಪಿಟ್ ಅನ್ನುತ್ತಿಲ್ಲ. ಮೈಕ್ ಹೋಯಿತೆಂದು ರಿಪೇರಿ ಅಂಗಡಿ ದಾರಿ ಹಿಡಿಯುವ ಮುಂಚೆ ಎರಡು ನಿಮಿಷ ಕೊಡಿ.

ಫೋನಿನ ರೆಕಾರ್ಡರ್ ತೆರೆದು, ಒಂದು ಗೇಣು ದೂರದಿಂದ ಹತ್ತು ಸೆಕೆಂಡ್ ಮಾತಾಡಿ, ಕೇಳಿ ನೋಡಿ. ಆಮೇಲೆ ಒಂದು ವಿಡಿಯೋ ಮಾಡಿ ಅದನ್ನೂ ಕೇಳಿ. ಈಗಿನ ಬಹುತೇಕ ಫೋನ್‌ಗಳಲ್ಲಿ ಕನಿಷ್ಠ ಎರಡು ಮೈಕ್ ಇರುತ್ತವೆ: ಒಂದು ಕೆಳಗೆ ಚಾರ್ಜಿಂಗ್ ಪಿನ್ ಪಕ್ಕ, ಇನ್ನೊಂದು ಮೇಲಂಚಿನಲ್ಲೋ ಕ್ಯಾಮೆರಾ ಹತ್ತಿರವೋ. ಎರಡರಲ್ಲೂ ದನಿ ಸ್ವಚ್ಛವಾಗಿ ಬಂದರೆ ಮೈಕ್ ಚಲೋ ಇದೆ, ಸೆಟ್ಟಿಂಗ್ ನೋಡಬೇಕು. ವಿಡಿಯೋದಲ್ಲಿ ಸರಿ ಇದ್ದು ರೆಕಾರ್ಡರ್‌ನಲ್ಲಿ ಮಾತ್ರ ಗಡಿಗೆಯೊಳಗಿಂದ ಮಾತಾಡಿದಂತಿದ್ದರೆ ಕೆಳಗಿನ ತೂತು ಕಟ್ಟಿಕೊಂಡಿರಬೇಕು.

ವಿಜಯಪುರದ ಕಡೆ ಜೋಳದ ರಾಶಿ ಕಾಲದಲ್ಲಿ ಇದು ಮಾಮೂಲು. ಅಂಗಿಯ ಕಿಸೆಯಲ್ಲಿಟ್ಟ ಫೋನಿಗೆ ಹೊಟ್ಟಿನ ಧೂಳು ಬೆವರಿನ ಜೊತೆ ಸೇರಿ ಅಂಟುತ್ತದೆ. ಮೊದಲು ಕವರ್ ತೆಗೆಯಿರಿ. ಸಂತೆಯಲ್ಲಿ ಕೊಂಡ ಕವರಿನ ತೂತು ಮೈಕಿನ ತೂತಿಗೆ ಸರಿಯಾಗಿ ಕೂಡದಿದ್ದರೂ ಇದೇ ತೊಂದರೆ. ಮೈಕಿನ ತೂತು ನೆಲದ ಕಡೆ ಇರುವಂತೆ ಹಿಡಿದು, ಒಣಗಿದ ಮೆತ್ತನೆಯ ಟೂತ್‌ಬ್ರಷ್‌ನಿಂದ ಹತ್ತು ಹನ್ನೆರಡು ಸಲ ಮೆಲ್ಲಗೆ ಆಡಿಸಿ. ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಧೂಳು ಇನ್ನಷ್ಟು ಗಟ್ಟಿಯಾಗುತ್ತದೆ. ಪಿನ್ ಅಂತೂ ಬೇಡವೇ ಬೇಡ. ಸಿಮ್ ತೆಗೆಯಲು ಹೋಗಿ ಮೈಕಿಗೇ ಪಿನ್ ಚುಚ್ಚುವವರುಂಟು. ಗುರುತು ಸುಲಭ: ಸಿಮ್ಮಿನ ತೂತು ಟ್ರೇಯ ಗೆರೆಯೊಳಗೇ ಇರುತ್ತದೆ, ಗೆರೆಯ ಹೊರಗಿನದು ಮೈಕ್.

ಇನ್ನು ಸೆಟ್ಟಿಂಗ್. ಸೆಟ್ಟಿಂಗ್ಸ್, ಆ್ಯಪ್ಸ್, ಗೂಗಲ್, ಪರ್ಮಿಷನ್ಸ್, ಮೈಕ್ರೋಫೋನ್ — ಇಲ್ಲಿ ಅನುಮತಿ ಕೊಟ್ಟಿರಬೇಕು. ಆಂಡ್ರಾಯ್ಡ್ 12ರಿಂದೀಚೆಗೆ ಇದರ ಮೇಲೂ ಒಂದು ಬೀಗ ಬಂದಿದೆ: ಪರದೆಯನ್ನು ಮೇಲಿನಿಂದ ಎಳೆದರೆ ಸಿಗುವ ‘ಮೈಕ್ ಆ್ಯಕ್ಸೆಸ್’ ಬಟನ್. ಮಕ್ಕಳ ಕೈಯಲ್ಲಿ ಅದು ಆಫ್ ಆಗಿದ್ದರೆ ಯಾವ ಆ್ಯಪ್‌ಗೂ ದನಿ ಹೋಗದು. ಅಸಿಸ್ಟೆಂಟ್ ಕರೆದಾಗ ಮೇಲ್ಮೂಲೆಯಲ್ಲಿ ಹಸಿರು ಗುರುತು ಮೂಡಿತೇ? ಮೂಡಿದರೆ ಮೈಕ್ ಆ್ಯಪಿನ ಕೈಗೆ ಸಿಕ್ಕಿದೆ ಎಂದರ್ಥ.

ಗುರುತು ಮೂಡಿಯೂ ಮಾತು ಮುಟ್ಟದಿದ್ದರೆ ಬ್ಲೂಟೂತ್ ಆಫ್ ಮಾಡಿ. ಪಡಸಾಲೆಯಲ್ಲಿ ಬಿಟ್ಟುಬಂದ ಇಯರ್‌ಬಡ್ಸ್ ಜೋಡಿಯಾಗಿದ್ದರೆ ಫೋನ್ ಅವುಗಳ ಮೈಕಿಗೆ ಕಿವಿಗೊಟ್ಟು ಕೂತಿರಬಹುದು. ವೈರಿನ ಹೆಡ್‌ಫೋನ್ ಆದರೆ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ: ಎರಡಿದ್ದರೆ ಅದರಲ್ಲಿ ಮೈಕ್ ಇಲ್ಲ, ಮೂರಿರಬೇಕು.

ಮೈಕ್ ಸರಿ, ಸೆಟ್ಟಿಂಗ್ ಸರಿ, ಆದರೂ ತಪ್ಪು ತಪ್ಪು ಕೇಳಿಸಿಕೊಳ್ಳುತ್ತದೆಯೇ? ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್‌ನೊಳಗೆ ಯಾವ ಮೈಕೂ ಸೋಲುತ್ತದೆ. ಅಲ್ಲಿ ಕೂಗುವುದಕ್ಕಿಂತ ಹತ್ತಿರ ಹೋಗುವುದು ಮೇಲು. ದೂರ ಅರ್ಧವಾದಾಗಲೆಲ್ಲ ಮೈಕಿಗೆ ಮುಟ್ಟುವ ನಿಮ್ಮ ದನಿ ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಏರುತ್ತದೆ. ಎರಡು ಅಡಿಯಿಂದ ಅರ್ಧ ಅಡಿಗೆ ಬಂದರೆ 12. ಮಗ್ಗದ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಕೂಗಿದರೆ ದನಿ ಒಡೆದು ಅಕ್ಷರಗಳೇ ಕೆಡುತ್ತವೆ. ಪರ್ಸಿ ಹಾಸಿದ ಖಾಲಿ ಕೋಣೆಯ ತೊಂದರೆ ಬೇರೆ, ಅಲ್ಲಿ ನಿಮ್ಮ ಮಾತೇ ಗೋಡೆಗೆ ಬಡಿದು ಮರಳಿ ಬರುತ್ತದೆ. ಹಗ್ಗದ ಮೇಲೆ ಎರಡು ಕೌದಿ ಹರವಿ ನೋಡಿ, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಫ್ಯಾನಿನ ಗಾಳಿ ನೇರ ಮೈಕಿಗೆ ಬಡಿಯದಿರಲಿ.

ಭಾಷೆಯದೂ ಒಂದು ಗೊಂದಲ. ಗೂಗಲ್ ಕನ್ನಡಕ್ಕೆ ಧ್ವನಿ ಟೈಪಿಂಗ್ ತಂದದ್ದು 2017ರಲ್ಲಿ. ಬೆಳಗಾವಿಯ ಎಷ್ಟೋ ಫೋನ್‌ಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಕೀಬೋರ್ಡ್ ಇರುತ್ತವೆ. ಕೀಬೋರ್ಡಿನ ಮೈಕ್ ಒತ್ತುವ ಮುಂಚೆ ಸ್ಪೇಸ್ ಬಾರ್ ಮೇಲಿನ ಹೆಸರು ನೋಡಿ. ಅಲ್ಲಿ ಮರಾಠಿ ಇದ್ದು ನೀವು ಕನ್ನಡ ಮಾತಾಡಿದರೆ ಬರುವುದು ಎರಡೂ ಅಲ್ಲದ ಕಲಸುಮೇಲೋಗರ. ‘ಹಾಡು ಹಚ್ಚು’ ಅಂದದ್ದು ತಿಳಿಯದಿದ್ದರೆ ‘ಹಾಡು ಹಾಕು’ ಅನ್ನಿ. ನಮ್ಮ ಮಾತು ತಪ್ಪೆಂದಲ್ಲ, ಯಂತ್ರಕ್ಕೆ ಆ ಪಾಠ ಸಾಲದಾಗಿರಬಹುದು.

ಕೇಳಿಸಿಕೊಂಡು ಉತ್ತರ ಬರೆದು ತೋರಿಸಿಯೂ ಬಾಯಿ ಬಿಡದಿದ್ದರೆ ಮೀಡಿಯಾ ವಾಲ್ಯೂಮ್ ಏರಿಸಿ, ರಿಂಗಿನದಲ್ಲ.

ಮನೆಯಲ್ಲಿ ಸ್ಮಾರ್ಟ್ ಸ್ಪೀಕರ್ ಇದ್ದರೆ ಬಣ್ಣ ನೋಡಿದರೆ ಸಾಕು. ಅಮೆಜಾನಿನ ಎಕೋದಲ್ಲಿ ಕೆಂಪು, ಗೂಗಲ್‌ನ ನೆಸ್ಟ್ ಮಿನಿಯಲ್ಲಿ ಕಿತ್ತಳೆ ದೀಪ ನಿಂತಿದ್ದರೆ ಮೈಕನ್ನು ಯಾರೋ ಆಫ್ ಮಾಡಿದ್ದಾರೆ. ಗೋಡೆಯ ಮಾಡದೊಳಗೆ ಇಡುವುದು ನೋಡಲು ಚಂದ, ಕೇಳಲು ಅಲ್ಲ. ಗೋಡೆಯಿಂದ ಎಂಟು ಇಂಚು ಈಚೆ ಇಡಿ.

ಇಷ್ಟಾದರೂ ರೆಕಾರ್ಡರ್‌ನಲ್ಲಿ ದನಿ ಬರದಿದ್ದರೆ ಅಂಗಡಿಗೆ ಹೋಗಿ. ಬಹಳಷ್ಟು ಫೋನ್‌ಗಳಲ್ಲಿ ಕೆಳಗಿನ ಮೈಕ್ ಚಾರ್ಜಿಂಗ್ ಬೋರ್ಡಿನ ಮೇಲೆಯೇ ಕೂತಿರುತ್ತದೆ. ಚಾರ್ಜಿಂಗೂ ತಡವರಿಸುತ್ತಿದ್ದರೆ ಅದನ್ನು ಮೊದಲೇ ಹೇಳಿ, ಒಂದೇ ಬೋರ್ಡಿನಲ್ಲಿ ಎರಡೂ ಮುಗಿಯಬಹುದು.