ಮಳೆಗಾಲದ ಕಸ: ಮೊದಲು ನೀರು ಬಸಿಯಿರಿ

ಜೂನ್ ಬಂತೆಂದರೆ ಶಿವಮೊಗ್ಗದ ಮನೆಗಳಲ್ಲಿ ಕಸದ ಬಕೆಟ್ ಭಾರವಾಗುತ್ತದೆ. ಕಸ ಮೊದಲಿನಷ್ಟೇ ಇರುತ್ತದೆ, ಅದಕ್ಕೆ ನೀರು ಸೇರಿರುತ್ತದೆ. ರಾತ್ರಿಯೇ ಗೇಟಿನ ಹೊರಗೆ ಮುಚ್ಚಳವಿಲ್ಲದೆ ಇಟ್ಟ ಬಕೆಟ್ ಬೆಳಗ್ಗೆ ಗಾಡಿ ಬರುವಷ್ಟರಲ್ಲಿ ಅರ್ಧ ತುಂಬಿರುತ್ತದೆ. ಪೌರಕಾರ್ಮಿಕರು ಅದನ್ನು ಎತ್ತಿ ಆಟೋ ಟಿಪ್ಪರ್‌ಗೆ ಸುರಿಯುವಾಗ ಆ ಗಬ್ಬು ನೀರು ಅವರ ಮೊಣಕೈವರೆಗೂ ಇಳಿಯುತ್ತದೆ. ಗಾಡಿಯಲ್ಲಿರುವ ರಟ್ಟು, ಪೇಪರ್ ಮೇಲೆ ಬಿದ್ದರೆ ಅವೂ ಹಾಳು. ಒಣಗಿದ್ದರೆ ಮತ್ತೆ ಕಾಗದವಾಗಬಹುದಾಗಿದ್ದ ರಟ್ಟು ಕೊನೆಗೆ ಊರಿನ ಕಸ ಸುರಿಯುವ ಅನುಪಿನಕಟ್ಟೆಯ ರಾಶಿಗೆ ಹೋಗುತ್ತದೆ.

ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮವೇ ಹೇಳಿತ್ತು. ಇದು ಬಹಳ ಮಂದಿಗೆ ಗೊತ್ತು. ಆದರೆ ನಮ್ಮ ಮಳೆಗೆ ಅಷ್ಟು ಸಾಲದು. ಬೇರೆ ಮಾಡಿದ ಮೇಲೂ ಹಸಿ ಕಸ, ಒಣ ಕಸ ಎರಡಕ್ಕೂ ನೀರು ತಾಗದಂತೆ ನೋಡಿಕೊಳ್ಳಬೇಕು. ಅದನ್ನು ಮಾಡುವುದು ಹೀಗೆ.

ಹೆಜ್ಜೆ 1: ಬಕೆಟ್‌ಗೆ ಸೂರು

ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಬಕೆಟ್ ಎಂಬುದು ರೂಢಿ. ಬಣ್ಣ ಯಾವುದೇ ಇರಲಿ, ಮುಚ್ಚಳ ಗಟ್ಟಿಯಾಗಿರಲಿ. ಎರಡನ್ನೂ ಜಗಲಿಯಲ್ಲೋ ಮೆಟ್ಟಿಲ ಕೆಳಗೋ ಇಡಿ. ಗಾಡಿಯ ಹಾಡು ಕೇಳಿದ ಮೇಲೆ ಹೊರಗೆ ತಂದರೆ ಸಾಕು.

ಹೆಜ್ಜೆ 2: ಹಸಿ ಕಸವನ್ನು ಬಸಿಯಿರಿ

ಇದೇ ಮುಖ್ಯ. ಸಿಂಕಿನ ಮೂಲೆಯಲ್ಲಿ ಒಂದು ತೂತಿನ ಬುಟ್ಟಿ ಇಡಿ. ತರಕಾರಿ ಸಿಪ್ಪೆ, ಕಾಫಿ ಚರಟ, ಟೀ ಸೊಪ್ಪು, ಉಳಿದ ಅನ್ನ ಎಲ್ಲವೂ ಮೊದಲು ಅದಕ್ಕೆ ಬೀಳಲಿ. ರಾತ್ರಿ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ನೀರು ಇಳಿದಿರುತ್ತದೆ. ಬಕೆಟ್‌ನ ತಳಕ್ಕೆ ಹಳೆಯ ಪೇಪರ್ ಎರಡು ಪದರ ಹಾಸಿ, ಬಸಿದ ಕಸವನ್ನು ಅದರ ಮೇಲೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಬೇಡಿ. ಕಟ್ಟಿದರೆ ಯಾರೋ ಒಬ್ಬರು ಆ ಗಂಟನ್ನು ಕೈಯಿಂದ ಬಿಚ್ಚಬೇಕು. ಬಿಚ್ಚದೇ ಹೋದರೆ ಒಳಗಿನದು ಗೊಬ್ಬರವಾಗುವುದಿಲ್ಲ.

ಹತ್ತಿರದಲ್ಲಿ ಹಸು ಸಾಕಿದವರಿದ್ದರೆ ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ ಅವರ ಅಕ್ಕಚ್ಚಿನ ಬಕೆಟ್‌ಗೆ ಹೋಗಲಿ. ಹಳಸಿದ್ದು, ಉಪ್ಪು ಖಾರದ್ದು ಬೇಡ. ಹಲಸಿನ ಕಾಲದಲ್ಲಂತೂ ಇದು ದೊಡ್ಡ ಸಹಾಯ. ಒಂದು ಹಣ್ಣಿನ ಸಿಪ್ಪೆ, ಗೂಂಜು ಸೇರಿದರೆ ಬಕೆಟ್ ತುಂಬಿಹೋಗುತ್ತದೆ, ದನಕ್ಕೆ ಅದೇ ಮೇವು. ಕೊಡಲು ಯಾರೂ ಸಿಗದಿದ್ದರೆ ಸಣ್ಣಗೆ ಹೆಚ್ಚಿ ಹಾಕಿ. ಮೀನಿನ ಮುಳ್ಳು, ಸಿಗಡಿ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಮಾರನೆಯ ಗಾಡಿಗೇ ಕೊಟ್ಟುಬಿಡಿ.

ಹೆಜ್ಜೆ 3: ಒಣ ಕಸ ನಿಜವಾಗಿ ಒಣಗಿರಲಿ

ಹಾಲಿನ ಪ್ಯಾಕೆಟ್ ನೋಡಿ. ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಒಂದು ಕಡೆ ಅಂಟಿಕೊಂಡೇ ಇರಲಿ. ಬೇರೆಯಾದ ಆ ಸಣ್ಣ ಚೂರನ್ನು ಯಾರೂ ಆರಿಸುವುದಿಲ್ಲ, ಅದು ಸೀದಾ ಚರಂಡಿಗೆ ಹೋಗುತ್ತದೆ. ಖಾಲಿ ಪ್ಯಾಕೆಟ್‌ಗೆ ಸ್ವಲ್ಪ ನೀರು ಹಾಕಿ ಕುಲುಕಿ, ಅದನ್ನು ಗಿಡಕ್ಕೆ ಚೆಲ್ಲಿ. ಆಮೇಲೆ ಪ್ಯಾಕೆಟ್ಟನ್ನು ಕಿಟಕಿಯ ಸರಳಿಗೆ ಬಟ್ಟೆ ಕ್ಲಿಪ್ ಹಾಕಿ ತೂಗುಬಿಡಿ. ಮೋಡದ ದಿನವಾದರೆ ಒಣಗಲು ಎರಡು ದಿನ ಬೇಕಾಗಬಹುದು, ಪರವಾಗಿಲ್ಲ. ಮೊಸರಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್‌ಗೂ ಇದೇ ಕ್ರಮ. ಎಣ್ಣೆಯದಕ್ಕೆ ಒಂದು ಹನಿ ಸೋಪು ಜಾಸ್ತಿ.

ಪೇಪರ್, ರಟ್ಟು, ಬಾಟಲಿ, ತಗಡನ್ನು ಗುಜರಿಯವರಿಗೆ ಹಾಕಿದರೆ ಕಾಸೂ ಬರುತ್ತದೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರುಗಳನ್ನು ಅವರು ತೆಗೆದುಕೊಳ್ಳುವುದಿಲ್ಲ. ಆದರೂ ಅವು ಒಣ ಕಸವೇ, ಗಾಡಿಗೇ ಕೊಡಿ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು, ಬಾಯಲ್ಲೂ ಹೇಳಿ ಕೊಡಿ.

ಬಚ್ಚಲ ಒಲೆಗೆ ಪ್ಲಾಸ್ಟಿಕ್ ಬೇಡ

ಈ ವಿಷಯ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗಲೂ ಹಂಡೆ ಒಲೆ ಇದೆ. ಮಳೆಗೆ ಸೌದೆ ಹಸಿಯಾಗಿರುತ್ತದೆ, ಬೆಂಕಿ ಹತ್ತಲಿ ಎಂದು ಕವರು, ಹಾಲಿನ ಪ್ಯಾಕೆಟ್, ಹರಿದ ಚಪ್ಪಲಿ ಒಲೆಗೆ ಬೀಳುತ್ತವೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಹೀಗೆ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಬೇರೆ ಪ್ಲಾಸ್ಟಿಕ್ಕಿನ ಹೊಗೆಯೂ ಒಳ್ಳೆಯದಲ್ಲ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕೂತ ಹೆಂಗಸರು, ಪಕ್ಕದಲ್ಲಿ ಚಳಿ ಕಾಯಿಸುವ ಮಕ್ಕಳು. ಅಲ್ವಾ? ಬೆಂಕಿ ಹೊತ್ತಿಸಲು ಗರಟೆ, ತೆಂಗಿನ ನಾರು, ಒಣಗಿದ ಅಡಿಕೆ ಸಿಪ್ಪೆ ಇದೆಯಲ್ಲ. ಬೇಸಿಗೆಯಲ್ಲೇ ಒಂದೆರಡು ಚೀಲ ಕಟ್ಟಿ ಅಟ್ಟಕ್ಕೆ ಹಾಕಿಟ್ಟುಕೊಳ್ಳಿ. ಬೂದಿಯನ್ನು ಪೂರ್ತಿ ಆರಿದ ಮೇಲೆಯೇ ಹೊರಗೆ ಹಾಕಿ. ಕೆಂಡ ಉಳಿದಿದ್ದರೆ ಕಸದ ಗಾಡಿಗೇ ಬೆಂಕಿ ಹತ್ತೀತು.

ಹೆಜ್ಜೆ 4: ಜಾಗ ಇದ್ದರೆ ಮನೆಯಲ್ಲೇ ಗೊಬ್ಬರ

ಮಳೆಗಾಲದಲ್ಲಿ ಗೊಬ್ಬರ ಆಗಲ್ಲ, ಬರೀ ಹುಳ ಆಗುತ್ತೆ ಎನ್ನುವವರು ಬಹಳ. ನಿಜವಾಗಿ ತೊಂದರೆ ಕೊಡುವುದು ನೀರು. ತಳಕ್ಕೂ ಪಕ್ಕಕ್ಕೂ ತೂತು ಕೊರೆದ ಹಳೆಯ ಡ್ರಮ್ ಸಾಕು. ಇಟ್ಟಿಗೆಯ ಮೇಲೆ ಏರಿಸಿ, ಸೂರಿನ ಕೆಳಗಿಡಿ. ತಳಕ್ಕೆ ತೆಂಗಿನ ನಾರು ಹಾಸಿ. ಒಂದು ಬೊಗಸೆ ಹಸಿ ಕಸ ಹಾಕಿದಾಗಲೆಲ್ಲ ಎರಡು ಬೊಗಸೆ ಒಣ ತರಗೆಲೆ ಅಥವಾ ಮರದ ಹೊಟ್ಟು ಹಾಕಿ. ತರಗೆಲೆಯನ್ನು ಮಳೆಗೆ ಮುಂಚೆಯೇ ಗುಡಿಸಿ, ಚೀಲಕ್ಕೆ ತುಂಬಿಟ್ಟಿರಬೇಕು. ಮೊದಲ ಸಲ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಯುವುದು ಬೇಗ ಶುರುವಾಗುತ್ತದೆ.

ವಾರಕ್ಕೊಮ್ಮೆ ಕೋಲಿನಿಂದ ಮಗುಚಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಹದ ಸರಿ. ನೀರು ಸೋರಿದರೆ, ಇಲ್ಲವೇ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಇನ್ನಷ್ಟು ತರಗೆಲೆ ಬೆರೆಸಿ, ಎರಡು ದಿನ ಹಸಿ ಕಸ ಹಾಕಬೇಡಿ, ವಾಸನೆ ಹೋಗುತ್ತದೆ. ದಪ್ಪ ಹುಳ ಕಂಡರೆ ಹೆದರಬೇಡಿ, ಅವೂ ಕಸವನ್ನೇ ತಿನ್ನುತ್ತವೆ. ಕರಿದ ಎಣ್ಣೆ, ಉಪ್ಪಿನಕಾಯಿ, ಮೂಳೆ ಇದಕ್ಕೆ ಬೇಡ. ತುಂಬಿದ ಡ್ರಮ್ ಮಾಗಲು ಎರಡು ಮೂರು ತಿಂಗಳು ಕೊಡಿ. ಕಪ್ಪಾಗಿ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು.

ಹೆಜ್ಜೆ 5: ಬೇರೆಯೇ ಕೊಡಬೇಕಾದ್ದು

ಪ್ಯಾಡ್, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ, ಕೆಂಪು ಪೆನ್ನಿನಲ್ಲಿ ದೊಡ್ಡ ಗುರುತು ಹಾಕಿ ಕೈಗೆ ಕೊಡಿ. ಇನ್ಸುಲಿನ್ ಸೂಜಿ, ಬ್ಲೇಡು ಗಟ್ಟಿ ಬಾಟಲಿಯೊಳಗೆ ಇರಲಿ, ಮುಚ್ಚಳ ಬಿಗಿಯಾಗಿರಲಿ. ಅವಧಿ ಮುಗಿದ ಮಾತ್ರೆ, ಸೆಲ್, ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್ ಒಂದು ಡಬ್ಬಿಗೆ. ಟ್ಯೂಬ್‌ಲೈಟಿನಲ್ಲೂ ಸಿಎಫ್‌ಎಲ್‌ನಲ್ಲೂ ಪಾದರಸ ಇರುತ್ತದೆ, ಒಡೆಯದಂತೆ ನೋಡಿಕೊಳ್ಳಿ.

ಗಾಡಿ ಬರದ ದಿನ

ಒಣ ಕಸ ವಾರ ಇದ್ದರೂ ಏನೂ ಆಗುವುದಿಲ್ಲ. ಹಸಿ ಕಸದ ಮೇಲೆ ಒಂದು ಹಿಡಿ ಮರದ ಹೊಟ್ಟು ಉದುರಿಸಿ ಮುಚ್ಚಿಟ್ಟರೆ ಇನ್ನೊಂದು ದಿನ ತಡೆಯುತ್ತದೆ. ಬೀದಿ ಮೂಲೆಗೆ ಮಾತ್ರ ಇಡಬೇಡಿ. ಅಲ್ಲಿ ಒಂದು ಚೀಲ ಬಿದ್ದರೆ ಸಂಜೆಗೆ ಹತ್ತಾಗುತ್ತದೆ. ನಾಯಿ ಎಳೆದಾಡುತ್ತದೆ, ದನ ಕವರು ಸಮೇತ ನುಂಗುತ್ತದೆ, ಉಳಿದದ್ದು ಮಳೆ ನೀರಿನ ಜೊತೆ ಚರಂಡಿ ಹಿಡಿದು ತುಂಗೆಗೆ ಸೇರುತ್ತದೆ. ಎರಡು ದಿನವಾದರೂ ಗಾಡಿ ಬರದಿದ್ದರೆ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಫೋನ್ ಮಾಡಿ. 'ನಮ್ಮ ಕಡೆ ಗಾಡಿ ಬರ್ತಿಲ್ಲ' ಎಂದಷ್ಟೇ ಹೇಳಿದರೆ ಸಾಲದು. ಯಾವ ರಸ್ತೆ, ಯಾವ ತಿರುವು, ಯಾವ ದಿನದಿಂದ ಎಂದು ಬರೆದಿಟ್ಟುಕೊಂಡು ಹೇಳಿ.